ಲೆಕ್ಕಕ್ಕೆ ಸಿಗದ ಐದಡಿ

ತಿಪಟೂರು
14-3-1998, ಶನಿವಾರ ಮಧ್ಯಾಹ್ನ

ಪ್ರೀತಿಯವರೇ,

ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದಾಯಿತು. ಚಿತ್ತೇಶ್ ಎಂದು ಬರೆಯುವಾಗ ಮದುವೆಯಾಗಿ ಆರು ವರ್ಷವಾದರೂ ಕೈ ಒಂದು ಕ್ಷಣ ತಡೆಯುತ್ತದೆ. ಒಳಗೆ ಮತ್ತೊಮ್ಮೆ ಬರೆಯಲಾರೆ, ಇಷ್ಟಕ್ಕೇ ಹೊಂದಿಕೊಳ್ಳಿ. ಹೇಗಿದ್ದೀರಿ? ಆ ಒಣಕೆಮ್ಮು ಹೋಯಿತೇ? ಅಹಮದಾಬಾದಿನಲ್ಲಿ ಮಾರ್ಚಿಗೇ ನೆತ್ತಿ ಸುಡುತ್ತದೆ ಎಂದು ಬರೆದಿದ್ದಿರಿ. ನಾನು ಕಳಿಸಿದ ಕೊಬ್ಬರಿ ಎಣ್ಣೆ ನೆತ್ತಿಗೆ ಬಿತ್ತೋ ಇಲ್ಲ ಟ್ರಂಕಿನ ತಳದಲ್ಲೇ ಕೂತಿದೆಯೋ? ಮೆಸ್ಸಿನಲ್ಲಿ ಬೇಳೆಗೂ ಸಕ್ಕರೆ ಹಾಕುತ್ತಾರೆ ಎಂದು ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ನಿನ್ನೆ ಅಲ್ಲಿ ಹೋಳಿ ಜೋರಾಗಿರಬೇಕು. ನೀವು ಮಾತ್ರ ಬಾಗಿಲು ಹಾಕಿಕೊಂಡು ಥೀಸಿಸ್ ತಿದ್ದುತ್ತಾ ಕೂತಿರುತ್ತೀರಿ, ನನಗೆ ಗೊತ್ತು. ಒಂದು ದಿನ ಬಣ್ಣ ಬಿದ್ದಿದ್ದರೆ ಪ್ರಪಂಚವೇನೂ ಮುಳುಗುತ್ತಿರಲಿಲ್ಲ.

ಇಲ್ಲಿ ಎಲ್ಲ ಕ್ಷೇಮ. ಹಂದನಕೆರೆಯಿಂದ ಅತ್ತೆ ಬಂದು ನಾಲ್ಕು ದಿನ ಇದ್ದು ಹೋದರು. ಕುರಿಗಳ ಉಸಿರು ಪಕ್ಕದಲ್ಲಿ ಕೇಳಿಸದಿದ್ದರೆ ಅವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಈ ಕಾಂಕ್ರೀಟು ತಾರಸಿಯ ಮೌಲ್ಡ್ ಮನೆಯಲ್ಲಿ ಮಲಗಿದರೆ ಪೆಟ್ಟಿಗೆಯೊಳಗೆ ಹಾಕಿ ಮುಚ್ಚಿದ ಹಾಗಾಗುತ್ತದೆ ಎಂದರು. ಒಂದು ದಿನ ಎಲೆಯಡಿಕೆ ಹಾಕಿಕೊಳ್ಳುತ್ತಾ, "ನಮ್ ಚಿತ್ತೇಶ ಅಷ್ಟು ದೂರ ಹೋಗಿ ಅದೇನ್ ಓದ್ತಾನವ್ವಾ? ಮನೆ ಕಟ್ಟೋದ್ನಾ?" ಎಂದು ಕೇಳಿದರು. ಕಟ್ಟುವುದಲ್ಲ ಅತ್ತೆ, ನಮ್ಮ ತಿಪಟೂರಿನವರು ಹೆಂಚಿನ ಮನೆ ಬಿಟ್ಟು ಕಾಂಕ್ರೀಟು ಮನೆಗೆ ಹೇಗೆ ಬಂದರು, ಅದರಿಂದ ಊರು ಹೇಗೆ ಬದಲಾಯಿತು, ಅದರ ಚರಿತ್ರೆ ಬರೆಯುತ್ತಿದ್ದಾರೆ ಎಂದೆ. ಇನ್ನೊಂದು ಎಲೆಗೆ ಸುಣ್ಣ ಸವರುತ್ತಾ, "ಇರೋ ಮನೇಲಿ ಇರೋದು ಬುಟ್ಟು ಅದ್ನೇನ್ ಬರೀತಾನೆ" ಎಂದರು. ನಿಮ್ಮ ಗೈಡು ಕೂಡ ಇಂಥ ಪ್ರಶ್ನೆ ಕೇಳಿರಲಾರರು. ಹೋಗುವಾಗ ನನ್ನ ಕೆನ್ನೆ ಸವರಿ, ಸೊರಗಿದ್ದೀಯ ಎಂದರು. ಸೊರಗಿಲ್ಲ, ಈಚೆಗೆ ಮಧ್ಯಾಹ್ನ ಹೊತ್ತು ನಿದ್ದೆ ಜಾಸ್ತಿ, ಅಷ್ಟೆ. ಊಟವಾದ ಮೇಲೆ ಚಾಪೆಯ ಮೇಲೆ ಹಾಗೇ ಒರಗಿದರೆ ತೆಂಗಿನ ಗರಿಗಳ ನೆರಳು ಗೋಡೆಯ ಮೇಲೆ ಅತ್ತಿತ್ತ ಆಡುವುದನ್ನು ನೋಡುತ್ತಾ ಎಲ್ಲಿಗೋ ಹೋಗಿಬಿಡುತ್ತೇನೆ. ಎಚ್ಚರವಾದಾಗ ಬೆಳಗ್ಗೆಯೋ ಸಂಜೆಯೋ ತಿಳಿಯುವುದಿಲ್ಲ.

ಸರಿ, ಈಗ ನಿಮ್ಮ ಫೆಬ್ರವರಿ ಇಪ್ಪತ್ತೈದರ ಪತ್ರಕ್ಕೆ ಬರುತ್ತೇನೆ. ಓದಿ ಎರಡು ದಿನ ನಿಮ್ಮ ಮೇಲೆ ಸಿಟ್ಟಾಗಿದ್ದೆ. ನೀವು ಹೋದ ಮೇಲೆ ನಾನು ಬೀದಿ ಬೀದಿ ತಿರುಗಿ ಅಳೆದು ಕಳಿಸಿದ ಅರವತ್ತೆರಡು ಮೌಲ್ಡ್ ಮನೆಗಳ ಎತ್ತರದ ಪಟ್ಟಿ ತಾಳೆಯಾಗುವುದಿಲ್ಲ ಎಂದು ಬರೆದಿದ್ದಿರಿ. ಹೆಚ್ಚಿನ ಮನೆಗಳಲ್ಲಿ ಹೊರಗಡೆ ನೆಲದಿಂದ ತಾರಸಿಗೆ ಹದಿನೈದು ಅಡಿ, ಒಳಗಡೆ ಒಂಬತ್ತೂವರೆ, ತಾರಸಿಯ ದಪ್ಪ ಅರ್ಧ ಅಡಿ ಕಳೆದರೂ ಮಿಕ್ಕ ಐದಡಿ ಎಲ್ಲಿ ಹೋಯಿತು ಕೋಮಲಾ, ಪ್ಯಾರಾಪೆಟ್ ಗೋಡೆಯನ್ನೂ ಸೇರಿಸಿ ಅಳೆದಿದ್ದೀಯ ಎಂದು ಕೇಳಿದ್ದಿರಿ. ಅದೂ ಹೋಗಲಿ, ಹೆಣ್ಣುಮಕ್ಕಳ ಕೈಗೆ ಟೇಪು ಕೊಟ್ಟರೆ ಇಷ್ಟೇ ಎಂದು ಒಂದು ಸಾಲು ಸೇರಿಸಿದ್ದಿರಿ. ಅಂಥ ಮನೆಗಳ ಹೊರಗಿನ ಎತ್ತರದಲ್ಲೆಲ್ಲ ಐದಡಿ ಕಳೆದು ಶುದ್ಧಪ್ರತಿ ಮಾಡಿ ಕಳಿಸು, ಮೂವತ್ತನೆಯ ತಾರೀಖು ಥೀಸಿಸ್ ಕೊಡಲೇಬೇಕು, ತಪ್ಪಿದರೆ ಇನ್ನಾರು ತಿಂಗಳು, ಅಷ್ಟರಲ್ಲಿ ಕಾಲೇಜಿನ ರಜೆ ಮುಗಿದು ಡಿಗ್ರಿ ಇಲ್ಲದೆ ವಾಪಸು ಬರಬೇಕು ಎಂದೂ ಬರೆದಿದ್ದಿರಿ. ಆ ಕೊನೆಯ ಮಾತು ಓದಿದ ಮೇಲೆ ಸಿಟ್ಟು ಅರ್ಧ ಇಳಿಯಿತು. ಮೂರು ವರ್ಷ ನೀವು ಈ ಕೆಲಸಕ್ಕೆ ಜೀವ ತೇಯ್ದಿರುವುದನ್ನು ನನ್ನಷ್ಟು ನೋಡಿದವರು ಯಾರಿದ್ದಾರೆ?

ಆದರೂ ಪ್ಯಾರಾಪೆಟ್ ಯಾವುದು ಗೋಡೆ ಯಾವುದು ತಿಳಿಯದಷ್ಟು ದಡ್ಡಿಯಲ್ಲ ನಾನು. ನಿಮ್ಮ ಟೇಪೇ ಸರಿಯಿಲ್ಲವೇನೋ ಎಂದು ಪಕ್ಕದ ಬೀದಿಯ ಸಾಬಿರಾಳ ಹತ್ತಿರ ಹೋದೆ. ನನ್ನ ರವಿಕೆಗಳನ್ನು ಹೊಲಿಯುವವಳು, ನಿಮಗೆ ಗೊತ್ತಲ್ಲ. ಕತ್ತಿನಲ್ಲಿ ಸದಾ ಟೇಪು ಹಾಕಿಕೊಂಡೇ ಇರುತ್ತಾಳೆ. ವಿಷಯ ಕೇಳಿ ಹೊಲಿಗೆ ಮಿಷನ್ನು ನಿಲ್ಲಿಸಿಯೇಬಿಟ್ಟಳು. "ಅಕ್ಕಾ, ಬ್ಲೌಸ್ ಅಳತೇಲಿ ಅರ್ಧ ಇಂಚು ತಪ್ಪಿದ್ರೆ ನನ್ನ ಅಂಗಡಿ ಮುಚ್ಚಿಸ್ತಾರೆ. ನಾವಿಬ್ರೂ ಸೇರಿ ಐದಡಿ ತಪ್ತೀವಾ? ನಡೀರಿ" ಎಂದು ಚಪ್ಪಲಿ ಮೆಟ್ಟಿ ಹೊರಟಳು. ತಾರಸಿಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆವು, ಒಳಗೆ ಬಿದಿರಿನ ಗಳ ನಿಲ್ಲಿಸಿ ಸೂರು ಮುಟ್ಟಿಸಿದೆವು. ನಿಮ್ಮ ಟೇಪಿನಲ್ಲೂ ಅಷ್ಟೇ, ಅವಳ ಟೇಪಿನಲ್ಲೂ ಅಷ್ಟೇ. ಹೊರಗೆ ಹದಿನೈದು, ಒಳಗೆ ಒಂಬತ್ತೂವರೆ. ಐದಡಿ ಎಲ್ಲೂ ಇಲ್ಲ.

ಕಳೆದ ಶುಕ್ರವಾರ ಪುಟ್ಟಗಂಗಮ್ಮನವರ ಮನೆಗೆ ಹೋಗಿದ್ದೆವು. ನಿಮ್ಮ ಪಟ್ಟಿಯಲ್ಲಿ ಹದಿನೇಳನೆಯ ಮನೆ, ಮುಂದುಗಡೆ ಗಾರೆಯಲ್ಲಿ 1964 ಎಂದು ಬರೆಸಿದ್ದಾರಲ್ಲ, ಅದು. ನೀವು ಆ ಮನೆಯ ಫೋಟೋ ತೆಗೆದು, ಸಜ್ಜದ ಮೇಲೆ ಸಾಲಾಗಿರುವ ಚೌಕಚೌಕ ತೂತುಗಳ ಬಗ್ಗೆ ಎರಡು ಪುಟ ಬರೆದಿದ್ದೀರಿ, ಬೆಂಗಳೂರಿನ ಬಂಗಲೆ ನೋಡಿ ಕಲಿತ ಹೊಸ ಕಾಲದ ಶೋಕಿ ಎಂದು. ಅವರ ಸೊಸೆ ಸಾಬಿರಾಳಿಗೆ ರವಿಕೆಯ ಅಳತೆ ಕೊಡಬೇಕೆಂದು ನಮ್ಮನ್ನು ಅಡಿಗೆಮನೆಗೇ ಕರೆದುಕೊಂಡು ಹೋದಳು. ಪುಟ್ಟಗಂಗಮ್ಮ ಅರಿಶಿನ ಕುಂಕುಮ ಕೊಟ್ಟು ಕೂರಿಸಿದರು. ಬಗ್ಗಿ ಕುಂಕುಮ ಇಟ್ಟುಕೊಂಡು ತಲೆ ಎತ್ತಿದೆ ನೋಡಿ, ಮೇಲೆ ತಾರಸಿಯೇ ಇಲ್ಲ! ಬೆರಳಗಲ ಸಂದು ಬಿಟ್ಟು ಜೋಡಿಸಿದ ದಬ್ಬೆಗಳು, ಹೊಗೆ ಕುಡಿದು ಕುಡಿದು ಕಪ್ಪಾಗಿವೆ. ಆ ಸಂದುಗಳಲ್ಲಿ ಸಿಪ್ಪೆ ಸಮೇತ ಕಾಯಿಗಳ ಬುಡ ಕಾಣುತ್ತಿತ್ತು. ನನ್ನ ಬಾಯಿ ಹಾಗೇ ತೆರೆದಿತ್ತು. ಏನಜ್ಜಿ ಇದು, ನಮ್ಮ ಮನೆಯವರು ಕೇಳಿದಾಗ ಅಟ್ಟ ಇಲ್ಲ ಅಂದಿರಂತಲ್ಲ ಎಂದೆ. ಆಯಮ್ಮ ನಗಲೂ ಇಲ್ಲ. "ಮೇಷ್ಟ್ರು ಜಗಲೀಲಿ ಕೂತ್ಕೊಂಡು ಕೇಳುದ್ರು, ಜಗಲೀಲಿ ಹೇಳೋ ಮಾತ್ನೇ ಹೇಳ್ದೆ. ಅಡಿಗೆಮನೇಲಿ ಕೇಳಿದ್ರೆ ಬ್ಯಾರೆ ಹೇಳ್ತಿದ್ನೇನೋ" ಎಂದರು.

ಆಗ ನನಗೆ ನಮ್ಮವ್ವ ನೆನಪಾದಳು. ನೀವು ನನ್ನನ್ನು ನೋಡಲು ಬಿಳಿಗೆರೆಗೆ ಬಂದ ದಿನ ಜ್ಞಾಪಕವಿದೆಯೇ? ನಿಮ್ಮಪ್ಪ ಮಾತಿಗೆ ಮಾತು ಬಂದು, ಈ ಸಲ ಅಟ್ಟ ಹೆಂಗೈತಮ್ಮ ಎಂದು ಕೇಳಿದರು. ನಮ್ಮವ್ವ ಸೆರಗು ಸರಿಮಾಡಿಕೊಂಡು, "ಅಟ್ಟ ಖಾಲಿ ಕಣಪ್ಪ" ಎಂದಳು. ಆ ಹೊತ್ತಿಗೆ ನಿಮ್ಮೆಲ್ಲರ ನೆತ್ತಿಯ ಮೇಲೆ ಅಟ್ಟದ ತೊಲೆ ಬಾಗುವಷ್ಟು ಕಾಯಿ ಇತ್ತು! ತೆಂಗಿನ ಮನೆಗಳಲ್ಲಿ ಅದೊಂದು ಕಟ್ಟಳೆ. ಅಟ್ಟಕ್ಕೆ ಕಾಯಿ ಹಾಕಿ, ಒಳಗಿನ ನೀರು ಪೂರಾ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗುವವರೆಗೆ ಹತ್ತು ಹನ್ನೊಂದು ತಿಂಗಳು ಅಟ್ಟ ತುಂಬಿದೆ ಎಂದು ಯಾರೂ ಬಾಯಿ ಬಿಡುವುದಿಲ್ಲ. ಹೇಳಿದರೆ ಕಣ್ಣು ಬಿದ್ದು ಕೊಬ್ಬರಿ ಕೊಳೆಯುತ್ತದೆ ಎಂಬ ಭಯ. ಕೇಳಿದವರು ಯಾರೇ ಇರಲಿ, ಉತ್ತರ ಅದೇ. ಕೇಳಿದ ತೆಂಗಿನವರಿಗೂ ಅದರ ಅರ್ಥ ಗೊತ್ತಿರುತ್ತದೆ, ಮುಗುಳ್ನಕ್ಕು ಸುಮ್ಮನಾಗುತ್ತಾರೆ. ನಿಮ್ಮದು ಕುರಿಯ ಮನೆ. ಕುರಿಯನ್ನು ಬಚ್ಚಿಡಲು ಆಗುತ್ತದೆಯೇ, ಇದ್ದಷ್ಟೂ ಬಯಲಲ್ಲೇ ಇರುತ್ತವೆ. ನಿಮ್ಮವರು ಅವ್ವನ ಮಾತನ್ನು ನಿಜವೆಂದೇ ನಂಬಿ, ಪಾಪ ಬಡವರು ಎಂದು ಬೀಗರೂಟಕ್ಕೆ ತಾವೇ ಎರಡು ಟಗರು ಹೊಡೆದುಕೊಂಡು ಬಂದಿದ್ದರು. ನಮ್ಮ ಕಡೆಯವರು ಅದನ್ನು ಹೇಳಿಕೊಂಡು ಈಗಲೂ ನಗುತ್ತಾರೆ.

ಅಪ್ಪ ಮಾಡಿದ ತಪ್ಪನ್ನೇ ಮಗ ಅರವತ್ತೆರಡು ಮನೆಯಲ್ಲಿ ಮಾಡಿದ್ದಾನೆ. ನೀವು ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು, ಕಾಫಿ ಕುಡಿದು, ಅಟ್ಟ ಇದೆಯೇ ಎಂದು ಕೇಳಿದಿರಿ. ಇಲ್ಲ ಮೇಷ್ಟ್ರೇ, ಮೌಲ್ಡ್ ಹಾಕಿಸಿದ ಮೇಲೆ ಅಟ್ಟ ಗಿಟ್ಟ ಎಲ್ಲಾ ಹೋಯ್ತು ಎಂದರು. ಬರೆದುಕೊಂಡಿರಿ. ಹಾಲ್‌ನಲ್ಲಿ ಒತ್ತೊತ್ತಾಗಿ ಹಲಗೆ ಬಡಿದು ಸುಣ್ಣ ಬಳಿದಿರುತ್ತಾರೆ, ಕೆಳಗೆ ಕೂತವರಿಗೆ ಅದೇ ತಾರಸಿ. ನಿಮ್ಮನ್ನು ಬೈಯುವ ಮೊದಲು ನನ್ನನ್ನೇ ಬೈದುಕೊಳ್ಳಬೇಕು. ಅಟ್ಟ ಖಾಲಿ ಎಂಬ ಮಾತನ್ನು ತೊಟ್ಟಿಲಲ್ಲೇ ಕೇಳಿ ಬೆಳೆದವಳು ನಾನು. ನಿಮ್ಮ ಪಟ್ಟಿಯನ್ನು ದುಂಡಗೆ ಪ್ರತಿ ಮಾಡುತ್ತಾ ಅಟ್ಟ ಇಲ್ಲ, ಅಟ್ಟ ಇಲ್ಲ ಎಂದು ಅರವತ್ತೆರಡು ಸಲ ಬರೆದೆನಲ್ಲ, ಒಂದು ಸಲವಾದರೂ ನನ್ನ ತಲೆಗೆ ಹೊಳೆಯಿತೇ? ಪಟ್ಟಣದವರು, ಮೌಲ್ಡ್ ಮನೆಯವರು, ಅವರದೇ ಬೇರೆ ರೀತಿ ಇರಬೇಕು ಎಂದುಕೊಂಡೆ. ಕಾಗದದ ಮೇಲೆ ನಿಮ್ಮ ಅಕ್ಷರದಲ್ಲಿ ಇತ್ತಲ್ಲ, ನಂಬಿಬಿಟ್ಟೆ.

ಪುಟ್ಟಗಂಗಮ್ಮ ಮಿಕ್ಕ ಕಥೆಯನ್ನೂ ಹೇಳಿದರು. ಆಗ ಅವರ ಯಜಮಾನರಿಗೆ ಹೆಂಚು ಕಿತ್ತು ಕಾಂಕ್ರೀಟು ಹಾಕಿಸುವ ಹುಚ್ಚು. ಮೇಸ್ತ್ರಿ ಪೇಟೆಯಿಂದ ಮನೆಗಳ ಚಿತ್ರವಿದ್ದ ಪುಸ್ತಕ ತಂದು ತೋರಿಸಿದನಂತೆ. ಅದರಲ್ಲಿ ಎಲ್ಲವೂ ಇತ್ತು, ಅಟ್ಟ ಒಂದಿರಲಿಲ್ಲ. "ಅಟ್ಟ ಇಲ್ದಿದ್ರೆ ನಾನು ಹಾಲುಕ್ಕಿಸಕ್ಕಿಲ್ಲ, ನೀನೂ ನಿನ್ ಮೇಸ್ತ್ರೀನೂ ಉಕ್ಕಿಸ್ಕೊಳಿ ಅಂದೆ" ಎಂದರು. ಮನೆಯೊಡತಿ ಹಾಲುಕ್ಕಿಸದಿದ್ದರೆ ಗೃಹಪ್ರವೇಶ ಆಗುತ್ತದೆಯೇ? ಮೇಸ್ತ್ರಿ ಮೂರು ದಿನ ತಲೆ ಕೆರೆದುಕೊಂಡು ಗೋಡೆಗಳನ್ನು ಐದಡಿ ಎಬ್ಬಿಸಿದ. ಮೇಲೆ ಗಾಳಿಯಾಡಲೆಂದು ಪುಸ್ತಕದಲ್ಲಿದ್ದ ಆ ಚೌಕ ತೂತುಗಳನ್ನು ಸಾಲಾಗಿ ಕೂರಿಸಿದ. ಒಬ್ಬರದನ್ನು ನೋಡಿ ಇನ್ನೊಬ್ಬರು, ಇಡೀ ಬೀದಿಯೇ ಹಾಗೆ ಎದ್ದಿತು. ಅದು ಶೋಕಿಯಲ್ಲ ಕಣ್ರೀ. ಈ ಊರಿನ ಮೌಲ್ಡ್ ಮನೆಗಳು ಅಷ್ಟೆತ್ತರ ನಿಂತಿರುವುದು ಹೆಂಗಸರ ಒಂದು ಹಟದಿಂದ.

ಈ ಎಂಟು ದಿನದಲ್ಲಿ ನಲವತ್ತೊಂದು ಮನೆಗಳ ಅಡಿಗೆಮನೆಗೆ ಹೋಗಿ ಬಂದಿದ್ದೇವೆ. ಮೂವತ್ತೈದರಲ್ಲಿ ಅಟ್ಟವಿದೆ. ಏಣಿ ಹತ್ತುವುದು ಸಾಬಿರಾ, ಕೆಳಗೆ ನಿಂತು ಬರೆದುಕೊಳ್ಳುವುದು ನಾನು. ಮೊದಲನೆಯ ಅಟ್ಟದೊಳಗಿಂದ ಅವಳು, "ಅಕ್ಕಾ, ನೆಟ್ಟಗೆ ನಿಲ್ಲೋಕಾಗಲ್ಲ, ಕುತ್ತಿಗೆ ಬಗ್ಗಿಸ್ಬೇಕು. ಕರೆಕ್ಟಾಗಿ ಐದಡಿ!" ಎಂದು ಕೂಗಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಹೆಣ್ಣುಮಕ್ಕಳ ಕೈಗೆ ಟೇಪು ಕೊಟ್ಟರೆ ಇಷ್ಟೇ, ಅಲ್ಲವೇ? ಒಂದು ಅಳುಕು ಮಾತ್ರ ಇತ್ತು. ಅವರು ಅಟ್ಟ ತೋರಿಸಿದ್ದು ಬಿಳಿಗೆರೆಯ ಮಗಳಿಗೆ, ಥೀಸಿಸ್ ಬರೆಯುವವರಿಗಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಕೇಳಿದೆ, ಬರೆಯಬಹುದೇ ಎಂದು. ಎಲ್ಲರ ಪರವಾಗಿ ಪುಟ್ಟಗಂಗಮ್ಮನೇ ತೀರ್ಪು ಕೊಟ್ಟರು: "ಅಟ್ಟ ಐತೆ ಅಂತ ಬೇಕಾರೆ ಬರ್ಕೊಳ್ಳಿ. ಮನೆ ಯಾರ್ದು ಅಂತ ಬ್ಯಾಡ, ಕಾಯಿ ಎಷ್ಟು ಅಂತ ಬ್ಯಾಡ." ನಾನು ಮಾತು ಕೊಟ್ಟಿದ್ದೇನೆ. ಅದನ್ನು ನೀವೂ ಉಳಿಸಬೇಕು.

ಅಂದಿನಿಂದ ನನ್ನ ಮಧ್ಯಾಹ್ನದ ನಿದ್ದೆಗೆ ಒಂದೇ ಕನಸು. ನಾನು ಕುತ್ತಿಗೆ ಬಗ್ಗಿಸಿಕೊಂಡು ಅಟ್ಟದಿಂದ ಅಟ್ಟಕ್ಕೆ ನಡೆಯುತ್ತಿರುತ್ತೇನೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಗೋಡೆಯಿಲ್ಲ, ಬೀದಿಯಿಲ್ಲ. ಸ್ಟೇಷನ್ನಿನಿಂದ ಸಂತೆಪೇಟೆಯವರೆಗೆ ಒಂದೇ ಅಟ್ಟ. ತೂತುಗಳಿಂದ ಬಿಸಿಲು ಚೌಕಚೌಕವಾಗಿ ಬಿದ್ದಿರುತ್ತದೆ, ಎರಡೂ ಬದಿಗೆ ಕಾಯಿಗಳು ಮಲಗಿರುತ್ತವೆ. ಕಾಲ ಕೆಳಗೆ ದಬ್ಬೆಗಳ ಸಂದಿನಲ್ಲಿ ಊರು ಕಾಣುತ್ತದೆ, ಗಂಡಸರು ಪೇಪರ್ ಓದುವುದು, ಹೆಂಗಸರು ಒಗ್ಗರಣೆ ಹಾಕುವುದು. ಅವರು ಯಾರೂ ತಲೆ ಎತ್ತುವುದಿಲ್ಲ. ಎಲ್ಲೋ ದೂರದಲ್ಲಿ ನೀವು ಟೇಪು ಹಿಡಿದು ಐದಡಿ, ಐದಡಿ ಎಂದು ಹುಡುಕುತ್ತಿರುತ್ತೀರಿ. ಇಲ್ಲಿದ್ದೇನೆ ಕಣ್ರೀ, ಮೇಲೆ ನೋಡಿ ಎಂದು ಕೂಗುತ್ತೇನೆ. ನಿಮಗೆ ಕೇಳಿಸುವ ಹೊತ್ತಿಗೆ ಹಾಲಿನವನು ಬಾಗಿಲು ಬಡಿಯುತ್ತಾನೆ.

ಇನ್ನೊಂದು ಮಾತು ಕೇಳಿ, ನಕ್ಕರೂ ಪರವಾಗಿಲ್ಲ. ನಿನ್ನೆ ನಮ್ಮ ಮನೆಯ ಒಡತಿ ಹೊಂಬಾಳಮ್ಮ ನನ್ನ ಪಟ್ಟಿ ನೋಡಿ, "ಊರೆಲ್ಲಾ ಸುತ್ತಿದೆ, ನಿನ್ ತಲೆ ಮ್ಯಾಲಿಂದು ಬುಟ್ಟೆ" ಎಂದರು. ಬಾಡಿಗೆಗೆ ಕೊಟ್ಟ ಭಾಗದ ಮೇಲೂ ಅವರದೇ ಅಟ್ಟವಿದೆಯಂತೆ! ಅದಕ್ಕೆ ದಾರಿ ಅವರ ಹಿಂದಿನ ಕೋಣೆಯಿಂದ. ನಾನು ಏಣಿಯ ಮೇಲೆ ಕಾಲಿಟ್ಟೆ. ಅವರು ನನ್ನ ರೆಟ್ಟೆ ಹಿಡಿದು, "ನೀನ್ ಹತ್ಬ್ಯಾಡ, ಆ ಹುಡುಗಿ ಹತ್ಲಿ" ಎಂದು ಗದರಿದರು. ಸಾಬಿರಾ ಹತ್ತಿ ನೋಡಿದಳು. ನಿಮ್ಮ ಮೇಜು, ನಿಮ್ಮ ಕುರ್ಚಿ, ನಮ್ಮ ಮಂಚ, ಎಲ್ಲದರ ಮೇಲೂ ಕಾಯಿ. ವರ್ಷಗಟ್ಟಲೆ ನೀವು ಅದರ ಕೆಳಗೇ ಕೂತು ಈ ಊರಿನ ಅಟ್ಟಗಳು ಮುಗಿದುಹೋದ ಕಥೆ ಬರೆದಿದ್ದೀರಿ. ಬರೆಯುವಾಗ ಮೇಲೆ ಟೊಕ್ ಟೊಕ್ ಎಂದು ಸದ್ದಾಗುತ್ತದೆ, ಇಲಿ ಕಾಟ ಎಂದು ಬೋನು ತಂದಿದ್ದಿರಲ್ಲ? ಒಂದು ದಿನವೂ ಒಂದು ಇಲಿಯೂ ಬೀಳಲಿಲ್ಲ. ಅದು ಇಲಿಯಲ್ಲ, ನೀರು ಇಂಗಿದ ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉರುಳುವ ಸದ್ದು. ನೀವು ಬೋನಿಗೆ ಸಿಕ್ಕಿಸಿದ್ದೂ ಕೊಬ್ಬರಿ ಚೂರನ್ನೇ.

ಈಗ ಕೇಳಿ. ನೀವು ಹೇಳಿದಂತೆ ಐದಡಿ ಕಳೆದ ಶುದ್ಧಪ್ರತಿಯನ್ನು ಮೊದಲೇ ಮಾಡಿಟ್ಟಿದ್ದೆ. ಅಟ್ಟ ಸಿಕ್ಕ ಮೇಲೂ ಅದನ್ನೇ ಲಕೋಟೆಗೆ ಹಾಕಿ ಸ್ಟೇಷನ್ನಿನ ಅಂಚೆ ಡಬ್ಬದವರೆಗೂ ಹೋಗಿದ್ದೆ. ಮೂರು ವರ್ಷದ ಕೆಲಸ, ನಿಮ್ಮ ರಜೆ, ನಿಮ್ಮ ಗೈಡು ಬಾಯ್ತುಂಬ ಹೊಗಳಿದ ಆ ಕೊನೆಯ ಅಧ್ಯಾಯ, ಎಲ್ಲ ಕಣ್ಣ ಮುಂದೆ ಬಂತು. ಯಾರಿಗೆ ಗೊತ್ತಾಗುತ್ತದೆ, ಹಾಕಿಬಿಡೋಣ ಎಂದುಕೊಂಡೆ. ಆದರೆ ಕಾಂಕ್ರೀಟು ಬಂತು, ಅಟ್ಟ ಹೋಯಿತು, ತೋಟಕ್ಕೂ ಮನೆಗೂ ನಂಟು ಕಡಿಯಿತು ಎಂದು ನಿಮ್ಮ ಹೆಸರಿನಲ್ಲಿ ಅಚ್ಚಾಗಿ, ಅದನ್ನು ಈ ಊರಿನ ಯಾವಳೋ ಒಬ್ಬಳು ಓದಿ ಅಡಿಗೆಮನೆಯಲ್ಲಿ ನಕ್ಕರೆ ನಾನು ತಡೆಯಲಾರೆ. ನಿಮ್ಮನ್ನು ನೋಡಿ ನಗುವುದಿದ್ದರೆ ನಾನೊಬ್ಬಳೇ ನಗಬೇಕು. ಆ ಲಕೋಟೆಯನ್ನು ವಾಪಸು ತಂದು ಒಲೆಗೆ ಹಾಕಿದೆ. ಇದರ ಜೊತೆ ಇಟ್ಟಿರುವುದು ನಿಜವಾದ ಪಟ್ಟಿ. ಮೂವತ್ತೈದು ಅಟ್ಟಗಳ ಉದ್ದ, ಅಗಲ, ಎತ್ತರ ಎಲ್ಲ ಇದೆ. ಹೆಸರಿಲ್ಲ, ಕಾಯಿಯ ಲೆಕ್ಕವಿಲ್ಲ. ಮೂವತ್ತನೆಯ ತಾರೀಖು ಥೀಸಿಸ್ ಕೊಡಬೇಡಿ. ಆರು ತಿಂಗಳು ಹೋದರೆ ಹೋಗಲಿ. ಯುಗಾದಿ ಇಪ್ಪತ್ತೆಂಟಕ್ಕೆ. ಅಷ್ಟರೊಳಗೆ ಬನ್ನಿ, ಮಿಕ್ಕ ಇಪ್ಪತ್ತೊಂದು ಮನೆಗಳಿಗೆ ಒಟ್ಟಿಗೆ ಹೋಗೋಣ. ಈ ಸಲ ಜಗಲಿಯ ಕುರ್ಚಿ ಬೇಡ, ಅಡಿಗೆಮನೆಯಲ್ಲಿ ಮಣೆಯ ಮೇಲೆ ಕೂರುವಿರಂತೆ. ಮತ್ತು ಮೊದಲ ಪುಟದಲ್ಲಿ ಸಾಬಿರಾಳ ಹೆಸರಿರಬೇಕು, ನನ್ನದನ್ನು ಎಲ್ಲಿ ಹಾಕುವಿರೋ ಹಾಕಿ.

ಹೊಂಬಾಳಮ್ಮ ನಿಮ್ಮನ್ನು ಕೇಳಿದ್ದಾರೆ. ಹಂದನಕೆರೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ಅತ್ತೆಯ ಆಶೀರ್ವಾದ ಈ ಕಾಗದದ ಮಡಿಕೆಯಲ್ಲೇ ಇದೆ ಎಂದುಕೊಳ್ಳಿ. ಬಿಸಿಲಿನಲ್ಲಿ ಟೋಪಿ ಇಲ್ಲದೆ ಓಡಾಡಬೇಡಿ. ಕೋಪ ಬಂದರೆ ಒಂದು ಲೋಟ ನೀರು ಕುಡಿದು ಈ ಪತ್ರವನ್ನು ಇನ್ನೊಮ್ಮೆ ಓದಿ.

ಟೇಪು ಹಿಡಿಯಲು ಬಾರದ
ನಿಮ್ಮ ಕೋಮಲಾ

ತಾ.ಕ.: ಅಂಚೆ ಡಬ್ಬ ತೆರೆಯುವ ಹೊತ್ತಾಯಿತು, ಸಾಬಿರಾ ಬಾಗಿಲಲ್ಲಿ ನಿಂತಿದ್ದಾಳೆ. ಸಂಕ್ರಾಂತಿಗೆ ಬಂದು ಹೋದ ಮೇಲೆ ನೀವು ಬರೆದ ಎರಡು ಪತ್ರಗಳ ಕೊನೆಯಲ್ಲೂ ಏನಾದರೂ ವಿಶೇಷ ಉಂಟೇ ಎಂದು ಕೇಳಿದ್ದಿರಿ. ಏನೂ ಇಲ್ಲ ಎಂದು ಎರಡು ಸಲವೂ ಬರೆದೆ. ಅತ್ತೆ ಕೇಳಿದಾಗಲೂ ಅದೇ ಹೇಳಿದೆ. ನೀವು ನಂಬಿಬಿಟ್ಟಿರಿ. ಹೊಂಬಾಳಮ್ಮ ಮಾತ್ರ ನಂಬಲಿಲ್ಲ, ಅದಕ್ಕೇ ಏಣಿಯಿಂದ ಇಳಿಸಿದ್ದು. ಇನ್ನೂ ಮೂರು ತಿಂಗಳು ತುಂಬಿಲ್ಲ, ಯಾರಿಗೂ ಬಾಯಿ ಬಿಡಬೇಡಿ. ಅಲ್ಲಿ ಯಾರಾದರೂ ಕೇಳಿದರೆ, ಅಟ್ಟ ಖಾಲಿ ಎನ್ನಿ.